ಅಲೆಯಲ್ಲಿ ನಿಲ್ಲಲು ಶೂ ಕೇಳಿದವರು

ಅವರ ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು. ಕಿರುಬೆರಳಿಗೆ ಉಗುರೇ ಇರಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಹಳೆಯ ಅರಿಸಿನದ ಬಣ್ಣ ಉಳಿದಿತ್ತು. ಕತ್ರಿಗುಪ್ಪೆಯಲ್ಲಿ ಅಪ್ಪ ಇಟ್ಟ ಚಪ್ಪಲಿ ಅಂಗಡಿಯಲ್ಲಿ ಬೆಳೆದವಳು ನಾನು. ಮುಖ ನೋಡುವ ಮೊದಲು ಕಾಲು ನೋಡುವುದು ರೂಢಿ. ಆದರೆ ಅಷ್ಟು ದುಡಿದ ಕಾಲುಗಳನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಅಳತೆ ತೆಗೆಯಲು ಪಾದ ಹಿಡಿದೆ. ಬೆರಳಿನ ಸಂದಿಗೆ ನನ್ನ ಬಳೆಯ ಚೂಪು ತಾಗಿ ಗೀರಾಯಿತು. ‘ಸಾರಿ ಮೇಡಂ’ ಎಂದು ತಲೆಯೆತ್ತಿದರೆ ಅವರು ಬಾಗಿಲಾಚೆ ಹೋಗುವ ಬಸ್ಸು ನೋಡುತ್ತಾ ನಿಂತಿದ್ದರು.

‘ಯಾಕಮ್ಮ ಸಾರಿ?’

‘ಗೀರ್ತು.’

ಅವರು ಬಗ್ಗಿ ಕಾಲು ನೋಡಿಕೊಂಡರು. ‘ಓ, ಹೌದಾ. ಅದಕ್ಕೇನೂ ಗೊತ್ತಾಗಲ್ಲ ಬಿಡು. ಸಕ್ಕರೆ ಕಾಯಿಲೆ. ಮಂಡಿಯಿಂದ ಕೆಳಗೆ ಎರಡೂ ಬೇರೆ ಯಾರದ್ದೋ ಕಾಲು ಇದ್ದ ಹಾಗೆ.’

ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿದ್ದರು. ಕೊನೆಯ ವರ್ಷಗಳೆಲ್ಲ ಒಂದು ದೊಡ್ಡ ಸರ್ಕಾರಿ ಕಟ್ಟಡದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಹೆಂಗಸರ ಮೈಮೇಲೆ ಲೋಹ ಪತ್ತೆ ಮಾಡುವ ಕೋಲಾಡಿಸುವ ಕೆಲಸ. ಕುಮಾರಸ್ವಾಮಿ ಲೇಔಟ್‌ನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಅವರು ಕೇಳಿದ್ದು ಇಷ್ಟು: ‘ಸಮುದ್ರದಲ್ಲಿ ಮಂಡಿವರೆಗೆ ನೀರಲ್ಲಿ ನಿಂತ್ಕೋಬೇಕು. ಒಳಗೆ ಮರಳು ಹೋಗ್ಬಾರ್ದು. ಚಿಪ್ಪು ಚುಚ್ಬಾರ್ದು. ಅಂಥದ್ದು ಏನಿದೆ, ಕೊಡು.’

ನಾನು ನಕ್ಕೆ. ಕತ್ರಿಗುಪ್ಪೆಯಲ್ಲಿ ಸಮುದ್ರಕ್ಕೆ ಶೂ ಕೇಳಿದವರು ಅವರೇ ಮೊದಲು.

‘ನಗು, ನಗು. ನಾನೂ ನಕ್ಕಿದ್ದೆ,’ ಎಂದರು. ನಿವೃತ್ತಿಯಾದ ಹೊಸತರಲ್ಲಿ ಹಳೆಯ ಸಹೋದ್ಯೋಗಿಗಳ ಜೊತೆ ಕರಾವಳಿಯ ಕಡೆ ಪ್ರವಾಸ ಹೋಗಿದ್ದರಂತೆ. ಅಲ್ಲಿ ಒಬ್ಬ ಮುದುಕಿಯ ಉಂಗುರ ಅಲೆಗೆ ಜಾರಿತು. ಮುದುಕಿ ಮರಳಿನ ಮೇಲೆ ಕೂತು ಅತ್ತದ್ದನ್ನು ನೋಡಿ ಇವರಿಗೆ ಕೈ ಕಡಿಯತೊಡಗಿತು. ‘ಇಷ್ಟು ವರ್ಷ ಇಲ್ಲದ್ದನ್ನ ಹುಡುಕೋಕೆ ಮಷೀನ್ ಹಿಡ್ಕೊಂಡು ನಿಂತಿದ್ದೆ. ಒಂದು ದಿನಾನೂ ಒಂದು ಬಾಂಬೂ ಸಿಗ್ಲಿಲ್ಲ. ಇಲ್ಲಿ ನಿಜವಾಗ್ಲೂ ಬಿದ್ದಿದೆ, ಕೈಯಲ್ಲಿ ಮಷೀನಿಲ್ಲ.’ ಊರಿಗೆ ಬಂದವರೇ ಕೊಲ್ಲಿ ದೇಶದಿಂದ ಮರಳಿದ ಯಾರಿಂದಲೋ ನೀರಿಗೆ ಕೆಡದ, ಲೋಹ ಹುಡುಕುವ ಹಳೆಯ ಯಂತ್ರವೊಂದನ್ನು ಕೊಂಡರು. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಬಳೆ. ಕಡಲತೀರದ ಜೀವರಕ್ಷಕರಿಗೆ ತಮ್ಮ ನಂಬರು ಕೊಟ್ಟು ಬಂದರು. ಯಾರಾದರೂ ಏನಾದರೂ ಕಳೆದುಕೊಂಡರೆ ಅವರು ಫೋನ್ ಮಾಡುತ್ತಿದ್ದರು. ಇವರು ಬಸ್ಸು ಹತ್ತುತ್ತಿದ್ದರು. ಯಾರದ್ದೆಂದು ತಿಳಿಯದ್ದೇನಾದರೂ ಸಿಕ್ಕಿದರೆ ನೇರವಾಗಿ ಅಲ್ಲಿನ ಠಾಣೆಗೆ ಕೊಟ್ಟು ಬರುತ್ತಿದ್ದರು.

‘ಸಮುದ್ರಕ್ಕೆ ಕಳ್ಳತನ ಗೊತ್ತಿಲ್ಲ ಕಣಮ್ಮ,’ ಎನ್ನುತ್ತಿದ್ದರು. ‘ಎಲ್ಲಿ ಬಿತ್ತೋ ಅಲ್ಲೇ ಇಟ್ಟಿರುತ್ತೆ. ಸ್ವಲ್ಪ ಕೆಳಗೆ, ಅಷ್ಟೆ.’

ನಾನು ಕೊಟ್ಟ ಮೊದಲ ಜೋಡಿ ಗಂಬೂಟು. ಮಂಡಿವರೆಗೆ ನೀರು ಎಂದರೆ ಗಂಬೂಟಲ್ಲದೆ ಇನ್ನೇನು? ಮುಂದಿನ ವಾರವೇ ಚೀಲದಲ್ಲಿ ಹಾಕಿಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಅಭಿನಯ ಮಾಡಿ ತೋರಿಸಿದರು. ‘ಅಲೆ ಬಂತು. ಮೇಲಿಂದ ಒಳಗೆ ನುಗ್ತು. ಎರಡೂ ಕೊಡ ತುಂಬಿದ ಹಾಗೆ ತುಂಬ್ಕೊಂಡ್ವು. ಕಾಲೆತ್ತೋಕಾಗ್ದೆ ಕೂತ್‌ಬಿಟ್ಟೆ. ಇನ್ನೊಂದು ಅಲೆ ಬಂದು ಮಲಗಿಸ್ತು. ಲೈಫ್‌ಗಾರ್ಡ್ ಹುಡುಗ ಜುಟ್ಟು ಹಿಡಿದು ಎಳೆದ.’ ಹೇಳುತ್ತಾ ಹೇಳುತ್ತಾ ನಕ್ಕರು. ನಾನು ಗಂಬೂಟನ್ನು ವಾಪಸ್ ಇಸಿದುಕೊಂಡೆ.

ಆಮೇಲೆ ಮಳೆಗಾಲಕ್ಕೆಂದು ಬರುವ ಪ್ಲಾಸ್ಟಿಕ್ ಸ್ಯಾಂಡಲ್ ಒಯ್ದರು. ನೀರು ಬಂದಷ್ಟೇ ಬೇಗ ಹೋಗುತ್ತಿತ್ತು. ಆದರೆ ಮರಳು ಹೋಗುತ್ತಿರಲಿಲ್ಲ. ಅಡಿಗೆ ಸೇರಿದ ಚಿಪ್ಪಿನ ಚೂರೊಂದರ ಮೇಲೆ ಇಡೀ ಹಗಲು ನಡೆದಿದ್ದರು. ಬೇರೆಯವರಾಗಿದ್ದರೆ ಮೊದಲ ಹೆಜ್ಜೆಗೇ ಕಿರುಚುತ್ತಿದ್ದರು. ಇವರಿಗೆ ಗೊತ್ತಾದದ್ದು ಮನೆಗೆ ಬಂದು ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ಕೆಂಪು ಹೆಜ್ಜೆ ಕಂಡಾಗ. ಆ ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಡಾಕ್ಟರು ಸಮುದ್ರ ಬಿಡಿ ಎಂದರಂತೆ. ‘ಅಂಗಳಕ್ಕೂ ಬರಿಗಾಲಲ್ಲಿ ಇಳೀಬೇಡಿ ಅಂತಾರೆ. ನೀನು ಸರಿಯಾದ ಶೂ ಹುಡುಕಿಕೊಟ್ರೆ ಇಳೀತೀನಿ, ಇಲ್ಲಾಂದ್ರೆ ಹಾಗೇ ಇಳೀತೀನಿ. ನೋಡು, ನಿನ್ನ ಕೈಲಿದೆ,’ ಎಂದರು. ನಿಜವಾಗಿಯೂ ಹಾಗೇ ಇಳಿಯುವ ಹೆಂಗಸು ಅದು. ಅಂದಿನಿಂದ ಅವರ ಶೂ ನನ್ನ ತಲೆನೋವಾಯಿತು.

ನಿಜ ಹೇಳಬೇಕೆಂದರೆ ಆ ತಲೆನೋವು ನನಗೆ ಬೇಕಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಮನೆಯಲ್ಲಿ ನಾನೊಬ್ಬಳೇ. ಮದುವೆಯ ಮಾತು ಬಂದು ಬಂದು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ದಿನವಿಡೀ ಮಾತಾಡುತ್ತಿದ್ದೆ, ನಿಜ. ಆದರೆ ಅದೆಲ್ಲ ಆರು, ಏಳು, ಬಿಗಿಯಾಯ್ತಾ, ಸಡಿಲಾಯ್ತಾ, ಕಪ್ಪು ಇದೆ, ಕಂದು ಇಲ್ಲ. ಶಟರ್ ಎಳೆದು ಮೆಟ್ಟಿಲು ಹತ್ತಿದರೆ ಬೆಳಗಿನವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅವರು ವಾರಕ್ಕೊಮ್ಮೆ, ಆಮೇಲೆ ವಾರಕ್ಕೆರಡು ಸಲ ಬರತೊಡಗಿದರು. ಕೂರುತ್ತಿರಲಿಲ್ಲ. ಸ್ಟೂಲ್ ಕೊಟ್ಟರೆ ಅದರ ಮೇಲೆ ಚೀಲ ಇಟ್ಟು, ಬಾಗಿಲ ಚೌಕಟ್ಟಿಗೆ ಒರಗದೆ, ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು. ಬರುವವರನ್ನೆಲ್ಲ ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಕೆಲವರು ಗಾಬರಿಯಾಗಿ ವಾಪಸ್ ಹೋದದ್ದೂ ಉಂಟು. ಎದುರಿನ ಹೋಟೆಲಿನಿಂದ ಸಕ್ಕರೆಯಿಲ್ಲದ ಟೀ ಬೈಟು ತರಿಸುತ್ತಿದ್ದೆ.

‘ಮೇಡಂ ಅನ್ಬೇಡ. ರಿಟೈರ್ ಆಗಿದೀನಿ.’

‘ಮತ್ತೇನನ್ನಲಿ? ಆಂಟಿ?’

‘ಆಂಟಿ ಅಂದ್ರೆ ಒಳಗೆ ಹಾಕ್ತೀನಿ. ಅಕ್ಕ ಅನ್ನು.’

ಅಕ್ಕ ಒಂದು ದಿನ ಯಂತ್ರವನ್ನೇ ಅಂಗಡಿಗೆ ತಂದರು. ನಾನು ಆರಿಸಿಟ್ಟ ಕ್ಯಾನ್ವಾಸ್ ಶೂಗಳನ್ನು ಸಾಲಾಗಿ ಜೋಡಿಸಿ ಮೇಲೆ ಆಡಿಸಿದರು. ಎಲ್ಲವೂ ಕೂಗಿದವು. ಲೇಸ್ ತೂರಿಸುವ ತೂತುಗಳ ಸುತ್ತ ಸಣ್ಣ ಲೋಹದ ಬಳೆಗಳಿರುತ್ತವೆ, ಅವಕ್ಕೇ ಅಷ್ಟು ಕೂಗು. ‘ಇದನ್ನ ಹಾಕ್ಕೊಂಡು ನೀರಿಗಿಳಿದ್ರೆ ಮಷೀನು ನನ್ನನ್ನೇ ಹುಡುಕ್ಕೊಂಡು ಕೂಗ್ತಾ ಇರುತ್ತೆ,’ ಎಂದರು. ಬಕಲ್ ಇದ್ದವು ಕೂಗಿದವು. ಏನೂ ಇಲ್ಲದ ಒಂದು ಜೋಡಿಯೂ ಕೂಗಿತು. ಅದರ ಅಟ್ಟೆಯೊಳಗೆ ಕಬ್ಬಿಣದ ಪಟ್ಟಿ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಚಪ್ಪಲಿ ಕೊಳ್ಳಲು ಬಂದವರು ಮೊಬೈಲಿನಲ್ಲಿ ಅದರ ವಿಡಿಯೋ ತೆಗೆದರು. ಅಕ್ಕ ಅವರತ್ತ ತಿರುಗಿ, ‘ನಿಮ್ಮದೂ ನೋಡ್ಲಾ ಸಾರ್? ಕೈ ಮೇಲೆತ್ತಿ,’ ಎಂದಾಗ ಇಡೀ ಅಂಗಡಿ ನಕ್ಕಿತು. ಅಪ್ಪ ಹೋದ ಮೇಲೆ ಆ ಅಂಗಡಿಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕಿರಲಿಲ್ಲ.

ಕೊನೆಗೆ ಸಿಕ್ಕಿದ್ದು ನೀರಿನಲ್ಲಿ ಮುಳುಗುವವರು ಹಾಕುವಂಥ, ದಪ್ಪ ರಬ್ಬರಿನ ಬಟ್ಟೆಯ ಬೂಟು. ಸಗಟು ವ್ಯಾಪಾರಿಯೊಬ್ಬರನ್ನು ಕಾಡಿ ಬೇಡಿ ತರಿಸಿದೆ. ಕಾಲಿಗೆ ಅಂಟಿಕೊಂಡು ಕೂರುವುದರಿಂದ ನೀರು ತುಂಬಿ ಭಾರವಾಗುವುದಿಲ್ಲ. ಪ್ಲಾಸ್ಟಿಕ್ ಜಿಪ್ಪು. ಮರಳಿಗೆ ಸಲಿಕೆ ಊರುವಾಗ ಕಾಲಿನಿಂದ ಒತ್ತಬೇಕಲ್ಲ, ಅದಕ್ಕೆ ಅಟ್ಟೆಯೂ ಗಟ್ಟಿ. ಬೆರಳು ಬೆರಳಿನ ಮೇಲೆ ಹತ್ತಿದ ಕಾಲಿಗೆ ಒತ್ತಬಾರದೆಂದು ಒಂದು ಸೈಜು ದೊಡ್ಡದು ಕೊಟ್ಟೆ. ಕಣಕಾಲಿನ ಹತ್ತಿರ ಸಡಿಲಾದದ್ದಕ್ಕೆ ಮೋಚಿಯಿಂದ ಒಂದು ಪಟ್ಟಿ ಹೊಲಿಸಿದೆ. ಒಳಗೆ ಕೈ ಹಾಕಿ, ಹೊಲಿಗೆಯ ಒಂದೊಂದು ಗಂಟನ್ನೂ ಮುಟ್ಟಿ ನೋಡಿದೆ. ಅವರ ಪಾದಕ್ಕೆ ತಿಳಿಯದ್ದು ನನ್ನ ಬೆರಳಿಗಾದರೂ ತಿಳಿಯಲಿ ಎಂದು.

ಅಕ್ಕ ಅದನ್ನು ಹಾಕಿಕೊಂಡು ಅಂಗಡಿಯೊಳಗೆ ಓಡಾಡುತ್ತಿರುವಾಗಲೇ ಅವರಿಗೆ ಫೋನ್ ಬಂತು. ಜೀವರಕ್ಷಕ ಹುಡುಗ. ‘ತಾಳಿ ಸರ ಬಿದ್ದಿದೆ ಮೇಡಂ. ಮನೆಯವರು ನಾಳೆವರೆಗೂ ಇರ್ತಾರಂತೆ. ಕಾಯ್ತಾ ಇದಾರೆ.’

ಫೋನ್ ಇಟ್ಟ ಮೇಲೆ ಅಕ್ಕ ಆ ಮಾತನ್ನು ತಾವೇ ಇನ್ನೊಮ್ಮೆ ಹೇಳಿಕೊಂಡರು. ‘ಕಾಯ್ತಾ ಇದಾರಂತೆ.’ ಆಗ ಅವರ ಮುಖ ನೋಡಬೇಕಿತ್ತು. ಅವರು ಅಷ್ಟು ದೂರ ಹೋಗುವುದು ಯಾಕೆ ಎಂದು ನನಗೆ ಅವತ್ತು ಅರ್ಥವಾಯಿತು. ಈ ಊರಿನಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಸಾಲ ಬೇಕೇ ಎಂದು ಫೋನ್ ಮಾಡುವ ಹುಡುಗಿಯರನ್ನೂ ಅವರು ಸುಮ್ಮನೆ ಬಿಡುತ್ತಿರಲಿಲ್ಲ: ‘ಲೋನ್ ಬೇಡಮ್ಮ. ನಿಂದು ಊಟ ಆಯ್ತಾ? ಯಾವೂರು?’

‘ನಾಳೆ ಭಾನುವಾರ,’ ಎಂದರು ನನ್ನತ್ತ ತಿರುಗಿ. ‘ಬರ್ತೀಯಾ? ಶೂ ನೀರಲ್ಲಿ ಹೇಗೆ ನಿಲ್ಲುತ್ತೆ ನೀನೇ ನೋಡು.’

ಹಬ್ಬಕ್ಕೂ ಅರ್ಧ ದಿನ ತೆಗೆಯುವ ಅಂಗಡಿ ನಮ್ಮದು. ‘ಬರ್ತೀನಕ್ಕ’ ಎಂದೆ. ಯಾರಾದರೂ ನನ್ನನ್ನು ಎಲ್ಲಿಗಾದರೂ ಬಾ ಎಂದು ಕರೆದು ಎಷ್ಟು ವರ್ಷವಾಗಿತ್ತೋ.

ರಾತ್ರಿ ಬಸ್ಸು ಹತ್ತಿ, ಬೆಳಗಾಗುವಾಗ ಕಡಲತೀರ ತಲುಪಿದೆವು. ನೀರು ಇಳಿದಿತ್ತು. ಕಾಯುತ್ತಿದ್ದದ್ದು ಬಯಲುಸೀಮೆಯ ಕುಟುಂಬ: ಗಂಡ, ಅತ್ತೆ, ಮದುವೆಯಾಗಿ ವರ್ಷವೂ ತುಂಬದ ಹುಡುಗಿ. ಅತ್ತೆ ನಮ್ಮನ್ನು ಕಂಡೊಡನೆ, ‘ಅಪಶಕುನ ಮಾಡಿ ಕೂತವ್ಳೆ ನೋಡಿ’ ಎಂದು ಶುರು ಮಾಡಿದರು. ಗಂಡ, ಸರ ಬಿದ್ದ ಜಾಗವನ್ನು ಕೈಚಾಚಿ ತೋರಿಸಿದ. ಹುಡುಗಿ ಬೆಳಗಿನ ಸೆಖೆಯಲ್ಲೂ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು ದೂರದಲ್ಲಿ ನಿಂತಿದ್ದಳು. ಸರ ಕಳೆದುಕೊಂಡವಳು ನೀರನ್ನೇ ನೋಡಬೇಕಲ್ಲವೇ? ಅವಳು ರಸ್ತೆ ನೋಡುತ್ತಿದ್ದಳು.

ಅಕ್ಕ ಸಲ್ವಾರನ್ನು ಮಂಡಿಗೆ ಕಟ್ಟಿ, ನನ್ನ ಶೂ ಹಾಕಿಕೊಂಡು ಇಳಿದರು. ದಡಕ್ಕೆ ಸಮನಾಗಿ ಅತ್ತ ಹೋಗುವುದು, ಒಂದು ಹೆಜ್ಜೆ ಒಳಗೆ ಸರಿದು ಇತ್ತ ಬರುವುದು. ಉಳುವವರ ಹಾಗೆ. ಉಪ್ಪುನೀರಿಗೆ ಯಂತ್ರ ಸುಮ್ಮಸುಮ್ಮನೆ ಗೊಣಗುತ್ತದೆ. ಆ ಗೊಣಗಿನ ನಡುವೆ ನಿಜವಾದ ಕೂಗನ್ನು ಹೆಕ್ಕಬೇಕು. ಸೋಡಾ ಮುಚ್ಚಳ, ಮೊಳೆ, ನಾಣ್ಯ. ಪ್ರತಿಯೊಂದನ್ನೂ ತೂತಿನ ಸಲಿಕೆಯಲ್ಲಿ ಎತ್ತಿ, ಜಾಲಿಸಿ, ಸೊಂಟದ ಚೀಲಕ್ಕೆ ಹಾಕುತ್ತಿದ್ದರು. ಅಲೆ ಬಂದಾಗ ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದರು. ನಾನು ಬಿಸ್ಕತ್ತು, ನೀರು ಹಿಡಿದು ಪಕ್ಕದಲ್ಲೇ ನೀರಲ್ಲಿ ನಡೆಯುತ್ತಿದ್ದೆ. ಸಕ್ಕರೆ ಇಳಿದರೆ ಅವರಿಗೆ ತಕ್ಷಣ ಏನಾದರೂ ತಿನ್ನಲು ಬೇಕಿತ್ತು.

ಬಿಸಿಲೇರಿದ ಮೇಲೆ ಯಂತ್ರ ಬೇರೆ ದನಿಯಲ್ಲಿ ಕೂಗಿತು. ಅಕ್ಕ ಸಲಿಕೆ ಊರಿ, ಕಾಲಿನಿಂದ ಒತ್ತಿ ಎತ್ತಿದರು. ಮರಳು ಸೋರಿಹೋಯಿತು. ಅವರು ಒಳಗೆ ಕೈ ಹಾಕಿದರು. ಆ ಕೈ ಮೇಲೆ ಬರಲಿಲ್ಲ. ನೀರೊಳಗೇ ಮುಷ್ಟಿ ಹಿಡಿದು, ದಡದ ಕಡೆಗೆ, ‘ಬಾಮ್ಮ ಇಲ್ಲಿ, ಇದೇ ಜಾಗಾನಾ ನೋಡು ಒಂಚೂರು,’ ಎಂದು ಹುಡುಗಿಯನ್ನು ಕೂಗಿ ಕರೆದರು. ಗಂಡನೂ ಹೊರಟ. ‘ನೀವಲ್ಲ ಸಾರ್. ಅವರು.’ ಆ ದನಿಗೆ ಅವನು ಅಲ್ಲೇ ನಿಂತ.

ಹುಡುಗಿ ಹತ್ತಿರ ಬಂದಳು. ಅಕ್ಕ ಮೆಲ್ಲಗೆ, ‘ಬಿತ್ತಾ, ತೆಗ್ದು ಹಾಕಿದ್ಯಾ?’ ಎಂದರು.

ಹುಡುಗಿ ದಡದತ್ತ ಒಮ್ಮೆ ತಿರುಗಿ ನೋಡಿದಳು.

‘ಕೊಂಡಿ ಹಾಕಿದ ಹಾಗೇ ಇದೆ. ಎಲ್ಲೂ ತುಂಡಾಗಿಲ್ಲ. ತಲೆ ಮೇಲಿಂದ ತೆಗೆದ್ರೆ ಮಾತ್ರ ಹೀಗಿರುತ್ತೆ.’

ಒಂದು ಅಲೆ ಬಂದು ಮೂವರ ನಡುವೆ ಹಾದುಹೋಯಿತು. ಹುಡುಗಿ ನೀರನ್ನೇ ನೋಡುತ್ತಾ ಹೇಳಿದಳು: ‘ಅದನ್ನ ಹಿಡ್ಕೊಂಡೇ ಎಳೀತಾರೆ ಆಂಟಿ.’

ಆಂಟಿ ಎಂದದ್ದಕ್ಕೆ ಅಕ್ಕ ಏನೂ ಅನ್ನಲಿಲ್ಲ. ‘ಕಂಪ್ಲೇಂಟ್ ಕೊಡ್ತೀಯಾ? ಈಗ್ಲೇ ಕರ್ಕೊಂಡ್ ಹೋಗ್ತೀನಿ,’ ಎಂದರು. ಹುಡುಗಿ ಬೇಡವೆಂದು ತಲೆಯಾಡಿಸಿದಳು. ‘ಹೋಗೋಕೆ ಜಾಗ ಇದ್ಯಾ?’

‘ತುಮಕೂರಲ್ಲಿ ಅಕ್ಕ ಇದಾಳೆ.’

‘ಸರಿ. ಕೈ ಕೊಡು.’ ನೀರೊಳಗೇ ಅವಳ ಕೈಗೆ ಸರ ಇಟ್ಟು ಬೆರಳು ಮಡಿಸಿದರು. ‘ಇದು ನಿಂದು. ಇಟ್ಕೋತೀಯೋ, ಮಾರ್ಕೋತೀಯೋ, ಮತ್ತೆ ಎಸೀತೀಯೋ ನಿನ್ನಿಷ್ಟ. ಲೈಫ್‌ಗಾರ್ಡ್ ನನ್ನ ನಂಬರ್‌ನ ನಿನ್ನ ಗಂಡಂಗೆ ಕೊಟ್ಟಿದಾನೆ, ಫೋನಲ್ಲಿ ನೋಡಿ ಬಾಯಿಪಾಠ ಮಾಡ್ಕೋ. ಯಾವ ಹೊತ್ತಾದ್ರೂ ಫೋನ್ ಮಾಡು. ನಾನು ಒಬ್ಳೇ ಇರೋದು, ಯಾರೂ ಬೈಯಲ್ಲ.’

ಆಮೇಲೆ ದಡಕ್ಕೆ ನಡೆದು, ಕುತ್ತಿಗೆ ನೆಟ್ಟಗೆ ಮಾಡಿ, ಗಂಡನಿಗೂ ಅತ್ತೆಗೂ ಹೇಳಿದರು: ‘ಸಿಗ್ಲಿಲ್ಲ. ಸಮುದ್ರ ಹೊತ್ಕೊಂಡು ಹೋಗಿದೆ.’ ಸಮುದ್ರಕ್ಕೆ ಕಳ್ಳತನ ಗೊತ್ತಿಲ್ಲ ಎನ್ನುತ್ತಿದ್ದ ಬಾಯಿ ಅದು. ಅತ್ತೆ ಅಕ್ಕನನ್ನೂ ಸೇರಿಸಿ ಶಪಿಸಿದರು. ಅಕ್ಕ ಮರಳಿನ ಮೇಲೆ ಕೂತು, ಏನೂ ಕೇಳಿಸದವರ ಹಾಗೆ ಜಿಪ್ಪು ಎಳೆದು ಶೂ ಬಿಚ್ಚಿ ನನಗೆ ಪಾದ ತೋರಿಸಿದರು. ‘ನೋಡು. ಒಂದು ಗೀರಿಲ್ಲ.’

ವಾಪಸ್ ಬರುವ ಬಸ್ಸಿನಲ್ಲಿ ಘಾಟಿ ಹತ್ತಿದ ಮೇಲೆ ಅವರೇ ಹೇಳಿದರು. ‘ಸರ್ವಿಸ್‌ನಲ್ಲಿ ಒಂದೂ ಸುಳ್ಳು ರಿಪೋರ್ಟ್ ಕೊಟ್ಟಿರ್ಲಿಲ್ಲ.’

‘ಇವತ್ತು ಕೊಟ್ರಲ್ಲಕ್ಕ.’

‘ಕೊಟ್ಟೆ.’ ಕಿಟಕಿಯ ಕಡೆ ನೋಡಿದರು. ‘ನಂಗೂ ಮದುವೆ ಆಗಿತ್ತು ಕಣೆ. ಮೂರು ವರ್ಷ. ಸಾರಕ್ಕಿ ಹತ್ರ ನಮ್ಮನೆ ಹಿಂದೆ ಬಾವಿ ಇತ್ತು. ನಂದನ್ನ ಅದಕ್ಕೆ ಹಾಕಿ, ಪೊಲೀಸ್ ಸೆಲೆಕ್ಷನ್‌ಗೆ ಓಡೋಕೆ ಹೋದೆ. ಈಗ ಬಾವಿ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದಾರೆ. ಇಷ್ಟೊಂದ್ ಜನರದ್ದು ಹುಡುಕಿಕೊಟ್ಟೆ. ಅಲ್ಲಿಗೆ ಮಾತ್ರ ಮಷೀನ್ ತಗೊಂಡ್ ಹೋಗ್ಲಿಲ್ಲ.’ ಮೊದಲ ಬಾರಿಗೆ ನನ್ನನ್ನು ‘ಕಣೆ’ ಎಂದಿದ್ದರು. ಹಾಸನ ಬರುವ ಮೊದಲೇ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ಹೆಗಲು ಜೋಮು ಹಿಡಿದರೂ ನಾನು ಅಲುಗಲಿಲ್ಲ.

ಕೆಲವು ವಾರಗಳಾದ ಮೇಲೆ ತುಮಕೂರಿನಿಂದ ಫೋನ್ ಬಂತು. ಹುಡುಗಿ ತನ್ನ ಅಕ್ಕನ ಮನೆ ಸೇರಿದ್ದಳು. ಅವಳ ಮಾತು ಮುಗಿದ ಮೇಲೆ ಇವರು ಕೇಳಿದ್ದು ಅದೇ: ‘ಊಟ ಆಯ್ತಾ?’

ಆಮೇಲೆ ಎರಡು ವರ್ಷ ನಾವು ಹೋಗುತ್ತಲೇ ಇದ್ದೆವು. ಕೆಲವು ಸಲ ಸಿಗುತ್ತಿತ್ತು, ಹಲವು ಸಲ ಇಲ್ಲ. ಸಮುದ್ರ ಅವರ ಕಾಲಿಗೆ ಏನೂ ಮಾಡಲಿಲ್ಲ. ಮಾಡಿದ್ದು ಮನೆಯ ಬಚ್ಚಲು. ಒಂದು ಬೆಳಿಗ್ಗೆ ಗೀಸರಿನ ನೀರು ಕುದಿಯುವಷ್ಟು ಕಾದಿತ್ತು. ಅವರು ಬಕೆಟ್ಟಿಗೆ ತಣ್ಣೀರು ಬೆರೆಸಲು ಮರೆತು ಕಾಲ ಮೇಲೆ ಸುರಿದುಕೊಂಡರು. ಬಿಸಿಯೆಂದು ಕಾಲಿಗೆ ಗೊತ್ತಾಗಲಿಲ್ಲ. ಚರ್ಮ ಏಳುವುದನ್ನು ಕಣ್ಣು ನೋಡಿ ಹೇಳಬೇಕಾಯಿತು. ಗಾಯ ಕೊಳೆಯಿತು. ಒಂದು ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನನ್ನು ನೋಡಿ, ‘ಇನ್ಮೇಲೆ ಒಂದೇ ಶೂ ಸಾಕು. ಹಾಗೆ ಮಾರ್ತೀಯಾ, ಇಲ್ಲ ಜೋಡಿನೇ ತಗೋಬೇಕಾ?’ ಎಂದರು. ನನಗೆ ನಗು ಬರಲಿಲ್ಲ. ಅವರು ನನ್ನ ಕೈ ತಟ್ಟಿದರು. ಆಗಲೂ ತೀರದಿಂದ ಫೋನ್ ಬರುತ್ತಿತ್ತು. ನಾನು ಅವರ ಕಿವಿಗೆ ಹಿಡಿಯುತ್ತಿದ್ದೆ; ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು: ‘ನೀವು ನಿಂತಾಗ ಬೆನ್ನ ಹಿಂದೆ ಏನ್ ಕಾಣ್ತಿತ್ತು? ಮರಾನಾ, ಅಂಗಡೀನಾ? ಅದರ ನೇರಕ್ಕೆ ಮರಳಲ್ಲಿ ಕೋಲು ನೆಡಿ. ಈಗ ಬರೋಕಾಗಲ್ಲ. ಕಾಯ್ಬೇಡಿ.’ ಕೊನೆಯ ಆ ಒಂದು ಪದ ಹೇಳುವಾಗ ಪ್ರತಿ ಸಲವೂ ದನಿ ಸ್ವಲ್ಪ ತಗ್ಗುತ್ತಿತ್ತು.

ಸೋಂಕು ರಕ್ತಕ್ಕೆ ಏರಿತು. ನಾನು ಟೀ ತರಲು ಕೆಳಗೆ ಹೋಗಿದ್ದಾಗ ಹೋದರು. ಜೂನ್ ತಿಂಗಳ ಒಂದು ಮಧ್ಯಾಹ್ನ.

ಬನಶಂಕರಿಯ ಚಿತಾಗಾರಕ್ಕೆ ಗೊಟ್ಟಿಗೆರೆಯಿಂದ ಅವರ ತಮ್ಮನ ಮಗ ಬಂದ; ಮಾಡಬೇಕಾದ್ದನ್ನು ಮಾಡಿ, ಕೆಲಸಕ್ಕೆ ಹೊತ್ತಾಗುತ್ತದೆಂದು ಹೊರಟ. ಸಮವಸ್ತ್ರದಲ್ಲಿದ್ದ ಇಬ್ಬರು ಮಹಿಳಾ ಪೇದೆಗಳು ಸೆಲ್ಯೂಟ್ ಹೊಡೆದರು. ಅಷ್ಟೇ ಜನ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಅವತ್ತು ಅಂಗಡಿ ತೆಗೆಯಲಿಲ್ಲ. ಪಕ್ಕದ ಟೈಲರ್ ಆಂಟಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ‘ನಿಮಗೇನು ಸೂತಕ? ಅವರು ನಿಮಗೆ ಏನೂ ಆಗ್ಬೇಕಿಲ್ವಲ್ಲ. ಸ್ಕೂಲ್ ಸೀಸನ್ನು, ಅಂಗಡಿ ತೆಗೀರಿ.’ ಮಾತು ಸರಿಯಾಗಿಯೇ ಇತ್ತು. ಮರುದಿನ ತೆಗೆದೆ.

ಒಬ್ಬ ತಾಯಿ ಮಗಳಿಗೆ ಕಪ್ಪು ಶೂ ಕೊಡಿಸಲು ಬಂದರು. ಮಗುವಿನ ಅಳತೆ ತೆಗೆದೆ. ಸೈಜು ತರಲು ಒಳಗೆ ಹೋಗಿ ಏಣಿ ಹತ್ತಿದೆ. ಡಬ್ಬ ಕೈಗೆ ಸಿಕ್ಕಿತು, ಇಳಿಯಲು ಆಗಲಿಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಆ ತಾಯಿ ಹೊರಗಿನಿಂದ, ‘ಮೇಡಂ, ಇದ್ಯಾ ಇಲ್ವಾ?’ ಎಂದು ಕೂಗಿದರು.

ಬರಿಗೈಯಲ್ಲಿ ಹೊರಗೆ ಬಂದೆ. ‘ಇವತ್ತು ಆಗಲ್ಲಮ್ಮ,’ ಎಂದೆ. ‘ನಮ್ಮನೇಲಿ ಸಾವಾಗಿದೆ.’

‘ಅಯ್ಯೋ, ಯಾರು?’

‘ನಮ್ಮಕ್ಕ.’

ಆ ತಾಯಿ ಮಗುವಿನ ಕೈ ಹಿಡಿದು ಮೆಟ್ಟಿಲಿಳಿದರು. ನಾನು ಶಟರ್ ಎಳೆದೆ. ಸೂತಕ ಕಳೆಯುವವರೆಗೂ ಅದನ್ನು ತೆಗೆಯಲಿಲ್ಲ.